ಸಜಾ ಮುಗಿದವನ ವೋಟು

ತನ್ನ ಹಕ್ಕು ಹೋಯಿತೆಂದು ತಾನೇ ಹಲಗೆ ಬಾರಿಸಿ ಊರಿಗೆಲ್ಲ ಸಾರಿದ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ಔರಾದ ತಾಲೂಕಿನ ಡಾಬಕಾದಲ್ಲಿ ಅಂಥವನೊಬ್ಬನಿದ್ದ. ಹೆಸರು ಮಾಣಿಕ.

ಆಗ ನಿಜಾಮನ ರಾಜ್ಯ ಹೋಗಿತ್ತು. ಭಾರತದ ಸೈನ್ಯ ಒಳಬಂದ ಪೊಲೀಸ್ ಆಕ್ಷನ್ ಮುಗಿದಿತ್ತು. ಹೈದರಾಬಾದ್ ರಾಜ್ಯದಲ್ಲಿ ಮೊದಲ ಚುನಾವಣೆ ಬರುತ್ತಿತ್ತು. ಊರಿಗೆ ಏನು ಸಾರಬೇಕಿದ್ದರೂ ಹಲಗೆ ಬಾರಿಸುವುದು ಮಾಣಿಕನ ಮನೆತನದ ಬಿಟ್ಟಿ ಚಾಕರಿ. ಒಂದು ದಿನ ಬೆಳಿಗ್ಗೆ ಮಾಲಿ ಪಾಟೀಲ, ಅಂದರೆ ಊರಿನ ಕಂದಾಯ ವಸೂಲಿ ಮಾಡುವ ಯಜಮಾನ, ಅವನನ್ನು ಚಾವಡಿಗೆ ಕರೆಸಿ ಸಾರಬೇಕಾದ ಮಾತನ್ನು ಬಾಯಿಪಾಠ ಮಾಡಿಸಿದ. ಮಾಣಿಕ ಓಣಿ ಓಣಿ ತಿರುಗಿದ.

“ಕೇಳ್ರೆಪ್ಪೋ ಕೇಳ್ರಿ. ಸಜಾಯಾಫ್ತಾ ಆದವರಿಗಿ ವೋಟಿಲ್ಲ. ಜೈಲಿಗಿ ಹೋಗಿ ಬಂದವರು ವೋಟಿನ ದಿನ ಸಾಲಿ ಕಡಿ ಬರಬ್ಯಾಡ್ರಿ.”

ಸಜಾಯಾಫ್ತಾ ಅಂದರೆ ಶಿಕ್ಷೆಯಾದವನು. ಆ ಉರ್ದು ಮಾತು ಊರಿನ ಕೂಸಿಗೂ ಗೊತ್ತಿತ್ತು, ಯಾಕೆಂದರೆ ಅದು ಮಾಣಿಕನ ಅಡ್ಡಹೆಸರೇ ಆಗಿಹೋಗಿತ್ತು. ತನ್ನ ಮನೆಯ ಬಾಗಿಲ ಮುಂದೆಯೂ ನಿಂತು ಅವನು ಅದನ್ನೇ ಸಾರಿದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಅಂಜನಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ನಿಮ್ಮ ಕೈಯಾಗ ಹಗ್ಗ ಕೊಟ್ಟು, ಕೊರಳಿಗಿ ನೀನೇ ಗಂಟು ಹಾಕ್ಕೋ ಅಂದ್ರ ಹಾಕ್ಕೋತೀರೇನ್ರಿ?” ಎಂದಳು.

ಮಾಣಿಕ ತಲೆ ತಗ್ಗಿಸಿ ಮುಂದಿನ ಓಣಿಗೆ ನಡೆದ.

ಅವನು ಮಾಡಿದ ಅಪರಾಧವನ್ನು ಮುಚ್ಚಿಡುವುದಿಲ್ಲ. ಬರಗಾಲದ ಒಂದು ವರ್ಷ ನಿಜಾಮನ ಸರಕಾರ ರೈತರ ಮನೆಗಳಿಂದ ಲೇವಿ ಜೋಳ ಎಳೆದುಕೊಂಡು ಹೋಯಿತು. ಡಾಬಕಾದ ಜೋಳವನ್ನು ಪಾಟೀಲನ ವಾಡೆಯ ಹಗೇವಿನಲ್ಲಿ, ನೆಲದೊಳಗಿನ ಕಣಜದಲ್ಲಿ, ತುಂಬಿಟ್ಟರು. ನೀರಿಳಿದು ಜೋಳ ಮುಗ್ಗಿತು. ಕೇರಿಯಲ್ಲಿ ಮಕ್ಕಳು ಹುಣಸೆ ಬೀಜ ಹುರಿದು ತಿನ್ನುತ್ತಿದ್ದರು. ಮಾಣಿಕ ಹಗೇವಿನ ಬಾಯಿ ತೆಗೆದು ಒಂದು ಚೀಲ ಹೊತ್ತುಕೊಂಡು ಬಂದ. ಪಾಟೀಲನೇ ಹಿಡಿಸಿಕೊಟ್ಟ, ಪಾಟೀಲನೇ ಸಾಕ್ಷಿ ಹೇಳಿದ. ಕೋರ್ಟು ಸಜಾ ಕೊಟ್ಟಿತು. ಬೀದರ ಜೈಲಿನಲ್ಲಿ ಕಲ್ಲು ಒಡೆದು, ಸಜಾ ಪೂರ್ತಿ ಮುಗಿಸಿ ಮಾಣಿಕ ಊರಿಗೆ ಬಂದ. ಹಸಿದವರ ಜೋಳವನ್ನು ಮುಗ್ಗಿಸಿದವನ ಮೇಲೆ ಮಾತ್ರ ಯಾವ ಕೋರ್ಟೂ ಕಣ್ಣು ತೆರೆಯಲಿಲ್ಲ.

ಊರಲ್ಲಿ ಎರಡನೆಯ ಸಜಾ ಶುರುವಾಯಿತು. ಜೈಲಿನ ಕೂಳು ಉಂಡವನು ಕುಲದ ಪಂಚರಿಗೆ ಊಟ ಹಾಕಿ ಶುದ್ಧನಾಗಬೇಕು, ಅಲ್ಲಿಯವರೆಗೆ ಪಂಗತಿಯಲ್ಲಿ ಕೂರುವಂತಿಲ್ಲ ಎಂಬುದು ರೂಢಿ. ಮದುವೆಯಲ್ಲಿ ಮಾಣಿಕನ ಎಲೆ ಹಂದರದ ಹೊರಗೆ. ಸಾವಿನ ಮನೆಯಲ್ಲಿ ಅವನ ಹೆಗಲು ಬೇಡ. ಊಟ ಹಾಕಲು ಅವನ ಬಳಿ ಏನಿತ್ತು? ಹಾಲು ಕೊಡುವ ಒಂದು ಆಡು. ಅಂಜನಾಬಾಯಿಯ ಎದೆಯಲ್ಲಿ ಹಾಲು ಬತ್ತಿದ್ದರಿಂದ ಅವರ ಕೂಸು ಬದುಕಿದ್ದುದೇ ಆ ಆಡಿನ ಹಾಲಿನ ಮೇಲೆ.

ಹೀಗಾಗಿ ಪಾಟೀಲನ ಮಾತನ್ನು ಮಾಣಿಕ ಪೂರ್ತಿ ನಂಬಿದ. ಪಂಗತಿಯಲ್ಲಿ ಎಲೆಯಿಲ್ಲದವನಿಗೆ ವೋಟಿನ ಪಾಳಿಯಲ್ಲಿ ಜಾಗ ಎಲ್ಲಿಂದ ಬರಬೇಕು? ಪಂಚರಿಗೆ ಊಟ ಹಾಕಿದರೆ ಪಂಗತಿಯೂ ಸಿಗುತ್ತದೆ, ವೋಟೂ ಸಿಗುತ್ತದೆ. ಇದು ಅವನ ತಿಳಿವಳಿಕೆ. ಪಾಟೀಲನೂ ಅದಕ್ಕೆ ಗಾಳಿ ಹಾಕಿದ. ಮೊದಲು ಊಟ ಹಾಕು, ಆಮೇಲೆ ನೋಡೋಣ ಎಂದ. ಆ ‘ಆಮೇಲೆ’ ಚುನಾವಣೆ ಮುಗಿಯುವ ತನಕ ಬರುವುದಿಲ್ಲ ಎಂಬುದು ಪಾಟೀಲನಿಗೆ ಗೊತ್ತಿತ್ತು. ಕಾಯ್ದೆಯೂ ಗೊತ್ತಿತ್ತು. ಚುನಾವಣೆಗೆ ತಾನು ನಿಲ್ಲಿಸಿದವನಿಗೆ ಇಂಥ ಮನೆಗಳ ವೋಟು ಬೀಳುವುದಿಲ್ಲ ಎಂಬುದೂ ಗೊತ್ತಿತ್ತು. ಅವನು ತಿಳಿಯದೆ ಹೇಳಿದ ಎಂದುಕೊಳ್ಳಬೇಡಿ.

ಸಂತೆಯ ದಿನ ಮಾಣಿಕ ಆಡಿಗೆ ಹಗ್ಗ ಕಟ್ಟಿ ಮಾರಲು ಔರಾದಕ್ಕೆ ಹೊರಟ. ಅಂಜನಾಬಾಯಿ ಕೂಸನ್ನು ಕಟ್ಟಿಕೊಂಡು ಬೆನ್ನಿಗೆ ಬಿದ್ದಳು. ದಾರಿಯಲ್ಲಿ ಹಾವಗೆಪ್ಪನ ಬಂಡಿ ಸಿಕ್ಕಿತು. ಹಾವಗೆಪ್ಪ ಅದೇ ಊರಿನ ರೈತ, ಕೊರಳಲ್ಲಿ ಲಿಂಗ ಕಟ್ಟಿದವನು, ಬಸವಣ್ಣನ ಹೆಸರು ಹೇಳದೆ ತುತ್ತು ಎತ್ತದವನು. ಮನುಷ್ಯ ಕೆಟ್ಟವನಲ್ಲ. ಬಿಸಿಲಿದೆ ಎಂದು ಮರುಕಪಟ್ಟು ಆಡನ್ನು ಬಂಡಿಗೆ ಹತ್ತಿಸಿಕೊಂಡ. ಮನುಷ್ಯರನ್ನು ಹಿಂದೆ ನಡೆಸಿದ.

ಔರಾದದಲ್ಲಿ ಹೆಣ್ಣುಮಕ್ಕಳ ಶಾಲೆಯ ಹೊರಗೆ, ಬೇವಿನ ಗಿಡದ ಕೆಳಗೆ, ಜನ ಸೇರಿದ್ದರು. ಶಾಲೆಯ ಶಿಕ್ಷಕಿ ವಿಮಲಾಬಾಯಿ ಭಾಲ್ಕಿಯವರು. ಅಲ್ಲಿಯ ವಾಚನಾಲಯದಲ್ಲಿ ಹತ್ತು ಜನರ ಜೊತೆ ಕೂತು ಪತ್ರಿಕೆ ಓದಿ, ವಾದ ಮಾಡಿ ಬೆಳೆದವರು. ಸಂತೆಗೆ ಬಂದವರಿಗೆ ವೋಟು ಹಾಕುವುದು ಹೇಗೆ ಎಂದು ಹೇಳಿಕೊಡುತ್ತಿದ್ದರು. ಅಂಜನಾಬಾಯಿ ಗುಂಪಿನೊಳಗೆ ನುಗ್ಗಿ ನೇರವಾಗಿ ಕೇಳಿದಳು.

“ಅಕ್ಕೋರೆ, ವೋಟ್ ಹಾಕಬೇಕಂದ್ರ ಕುಲದ ಊಟ ಹಾಕಬೇಕೇನ್ರಿ?”

ಗುಂಪು ನಕ್ಕಿತು. ವಿಮಲಾಬಾಯಿ ನಗಲಿಲ್ಲ. ಯಾರು ಹೇಳಿದರು, ಯಾಕೆ ಹೇಳಿದರು ಎಂದು ಎಲ್ಲವನ್ನೂ ಕೇಳಿಸಿಕೊಂಡರು. ಕೇಳುತ್ತ ಕೇಳುತ್ತ ಅವರ ಮುಖ ಕೆಂಪಾಯಿತು. ಆಮೇಲೆ ಮಾಣಿಕನ ಕಡೆ ತಿರುಗಿದರು.

“ಮಾಣಿಕಣ್ಣ, ಈಗ ನೀವು ಎಲ್ಲಿ ನಿಂತೀರಿ?”

“ಗಿಡದ ಕೆಳಗ್ರಿ.”

“ಜೈಲಿನಾಗ ಇಲ್ಲಲ್ಲ?”

“ಇಲ್ರಿ. ಸಜಾ ಮುಗಿದು ಬಂದೇನ್ರಿ.”

“ಹಂಗಾದ್ರ ನಿಮಗ ವೋಟದ. ವೋಟಿನ ದಿನ ಜೈಲಿನಾಗ ಇದ್ದವರು, ಪೊಲೀಸರ ಕೈಯಾಗ ಇದ್ದವರು ಹಾಕಂಗಿಲ್ಲ. ಸಜಾ ಮುಗಿಸಿ ಹೊರಗ ಬಂದವರು ಹಾಕಬಹುದು. ಪಟ್ಟಿನಾಗ ಹೆಸರಿದ್ರ ಸಾಕು. ಪಂಚರದ್ದೂ ಬ್ಯಾಡ, ಪಾಟೀಲ್ರದ್ದೂ ಬ್ಯಾಡ, ಯಾರ ಪರವಾನಗಿನೂ ಬ್ಯಾಡ.”

ಹೊರಗಿದ್ದೂ ವೋಟು ಕಳಕೊಳ್ಳುವವರು ಕೆಲವರಿದ್ದಾರೆ ಎಂದೂ ಅವರು ಹೇಳಿದರು. ಚುನಾವಣೆಯಲ್ಲೇ ಲಂಚ ಕೊಟ್ಟು, ಮತದಾರರನ್ನು ಹೆದರಿಸಿ, ಮೋಸ ಮಾಡಿ ಸಿಕ್ಕಿಬಿದ್ದು ಅಪರಾಧಿ ಎನಿಸಿಕೊಂಡವರಿಗೆ ಕೆಲವು ವರ್ಷ ವೋಟಿಲ್ಲ. “ಆ ಕಾಯ್ದೆ ನಿಮ್ಮ ಗುಡಿಸಲಿನ ಕಡಿ ಅಲ್ಲ, ವಾಡೇದ ಕಡಿ ನೋಡ್ತದ” ಎಂದರು.

ಅಂಜನಾಬಾಯಿ ಗಂಡನ ಕೈಯಿಂದ ಆಡಿನ ಹಗ್ಗ ಕಿತ್ತುಕೊಂಡಳು. ಆದರೆ ಹಾವಗೆಪ್ಪನಿಗೆ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ. ಅವನು ಪಟಕಾ ಸರಿಮಾಡಿಕೊಂಡು ಮುಂದೆ ಬಂದ.

“ಸಿಟ್ಟಾಗಬ್ಯಾಡ್ರಿ ಅಕ್ಕೋರೆ. ಕಳ್ಳರೂ ವೋಟ್ ಹಾಕಿದ್ರ ಕಳ್ಳರ ರಾಜ್ಯ ಬರಂಗಿಲ್ಲೇನ್ರಿ?”

“ಅಣ್ಣ, ನಿಮ್ಮೂರಾಗ ಯಾರು ಜೈಲಿಗಿ ಹೋಗಬೇಕು ಅಂತ ಯಾರು ಹೇಳ್ತಾರ?”

“ಅದು ಪಾಟೀಲ್ರು ಹೇಳಿದಂಗ್ರಿ.”

“ಜೈಲಿಗಿ ಹೋದವರ ವೋಟು ಕಾಯಂ ಹೋಗ್ತದ ಅಂದ್ರ, ವೋಟು ಯಾರಿಗಿರಬೇಕು ಅಂತ ಯಾರು ಹೇಳಿದಂಗಾತು?”

“ಅದೂ ಪಾಟೀಲ್ರೇ ಹೇಳಿದಂಗಾತ್ರಿ” ಎಂದ ಹಾವಗೆಪ್ಪ.

“ಆರಿಸಿ ಬರೂದು ಕಷ್ಟ ಅನಿಸಿದ್ರ, ಬ್ಯಾಡಾದ ಮಂದಿನ್ನ ಒಮ್ಮೆ ಒಳಗ ಹಾಕಿಸಿದ್ರ ಮುಗೀತಲ್ಲ. ಹಂಗಾದ್ರ ಚುನಾವಣಿ ಯಾಕ ಬೇಕು?” ಎಂದರು ವಿಮಲಾಬಾಯಿ.

ನೀವೂ ಯೋಚಿಸಿ. ಡಾಬಕಾದ ಸುತ್ತ ಜೈಲು ಕಂಡವರು ಯಾರು? ಲೇವಿ ಕೊಡಲು ಆಗದವರು. ಬಿಟ್ಟಿ ಚಾಕರಿಗೆ ಒಲ್ಲೆ ಎಂದವರು. ಆಕ್ಷನ್ ಆದ ಮೇಲೆ ಯಾರೋ ಬೆರಳು ತೋರಿಸಿದ್ದಕ್ಕೆ ಒಳಗೆ ಹೋದವರು. ನಿಜವಾಗಿ ತಪ್ಪು ಮಾಡಿದವರೂ ಅವರಲ್ಲಿ ಇದ್ದರು. ಬಹುತೇಕ ಎಲ್ಲರೂ ಬಡವರು. ಗಂಡನಿಗೆ ವೋಟಿಲ್ಲ ಎಂದರೆ ಹೆಂಡತಿ ಮನೆ ಬಿಟ್ಟು ಹೊರಡುವುದಿಲ್ಲ, ತಾಯಿ ಹೊರಡುವುದಿಲ್ಲ, ಬೆಳೆದ ತಮ್ಮನೂ ನಾಚಿ ಕೂರುತ್ತಾನೆ. ಒಬ್ಬನ ಹಕ್ಕನ್ನು ಸುಳ್ಳು ಹೇಳಿ ಮುಚ್ಚಿದರೆ ಒಂದು ಮನೆಯೇ ಮುಚ್ಚುತ್ತದೆ. ಅಂಥ ಮನೆಗಳನ್ನು ಮುಚ್ಚಿಸಿ ಗೆದ್ದವನು ಊರಿನ ಪ್ರತಿನಿಧಿಯೋ, ವಾಡೆಯ ಪ್ರತಿನಿಧಿಯೋ?

ಹಾವಗೆಪ್ಪ ಅಷ್ಟಕ್ಕೇ ಸೋಲಲಿಲ್ಲ. ಅವನೊಳಗೆ ಇನ್ನೊಂದು ಮುಳ್ಳಿತ್ತು.

“ಮಾಣ್ಯಾ ಹೊಟ್ಟಿ ಸಲುವಾಗಿ ಕದ್ದಾನ. ಒಪ್ಪಿದೆ. ಉಸ್ಮಾನ ಮಿಯಾಂದು ಏನ್ರಿ? ರಜಾಕಾರರ ಕೂಡ ಬಂದು ನನ್ನ ಬಣವಿಗಿ ಬೆಂಕಿ ಇಟ್ಟಾನ. ಅವನಿಗೂ ವೋಟೇನು?”

ಉಸ್ಮಾನ ಮಿಯಾ ಡಾಬಕಾದಲ್ಲಿ ಹತ್ತಿ ಹಿಂಜುವವನು, ನಿಜಾಮನ ಪರ ಊರೂರು ದಾಳಿ ಮಾಡಿದ ರಜಾಕಾರರ ಬೆನ್ನಿಗೆ ಒಮ್ಮೆ ಹೋಗಿದ್ದವನು. ಆ ಬೆಂಕಿಗಾಗಿಯೇ ಅವನಿಗೆ ಸಜಾ ಆಗಿತ್ತು. ಅದನ್ನು ಮುಗಿಸಿ ಬಂದ ಮೇಲೆ ಅವನು ಯಾರ ಕಣ್ಣಿಗೂ ಕಣ್ಣು ಕೊಟ್ಟಿರಲಿಲ್ಲ. ವಿಮಲಾಬಾಯಿ ಹಾವಗೆಪ್ಪನ ಹತ್ತಿರ ಬಂದು ಹೇಳಿದರು.

“ನಿಮ್ಮ ಸಿಟ್ಟು ಖರೇದು. ಅದನ್ನ ಬಿಡ್ರಿ ಅಂತ ನಾ ಹೇಳಂಗಿಲ್ಲ. ಆದ್ರ ಬಣವಿ ಸುಟ್ಟದ್ದಕ್ಕ ಕೋರ್ಟು ಸಜಾ ಕೊಟ್ಟದ, ಅವ ಉಂಡಾನ. ನಿಮ್ಮ ಸಿಟ್ಟಿನ ಲೆಕ್ಕಕ್ಕ ಇನ್ನೊಂದು ಸಜಾ ಅವನಿಗಿ ಹಾಕೂ ಅಧಿಕಾರ ನಿಮಗೂ ಇಲ್ಲ, ಪಾಟೀಲ್ರಿಗೂ ಇಲ್ಲ.”

ಹಾವಗೆಪ್ಪ ಬಂಡಿಯ ಕಡೆ ನಡೆದ. ಮರಳುವಾಗ ಅವನು ಗಾಡಿ ನಿಲ್ಲಿಸಿ, ಕೂಸಿನ ತಾಯಿ ಬೇಕಾದರೆ ಹತ್ತಲಿ ಎಂದ. ಅಂಜನಾಬಾಯಿ ಆಡಿನ ಹಗ್ಗ ಹಿಡಿದು ನಡೆಯುತ್ತಲೇ ಇದ್ದಳು. “ಇರಲಿ ಕಾಕಾ, ನಮಗ ನಡ್ದು ರೂಢಿ ಅದ” ಎಂದಳು. ಹಾವಗೆಪ್ಪನಿಗೆ ಆ ಮಾತು ಊರು ಮುಟ್ಟುವ ತನಕ ಚುಚ್ಚಿತು.

ಮರುದಿನದಿಂದ ಅಂಜನಾಬಾಯಿ ಸುಮ್ಮನೆ ಕೂರಲಿಲ್ಲ. ಜೈಲು ಕಂಡವರ ಮನೆಮನೆಗೆ ಹೋಗಿ ಹೆಂಗಸರಿಗೆ ಹೇಳಿದಳು: ಒಳಗಿದ್ದವನಿಗೆ ಇಲ್ಲ, ಹೊರಗೆ ಬಂದವನಿಗೆ ಉಂಟು. ಪಾಟೀಲ ಸಿಡಿದೆದ್ದ. ಮಾಣಿಕನಿಗೆ ಕೂಲಿ ನಿಲ್ಲಿಸಿದ. ಅಂಜನಾಬಾಯಿಗೆ ಹೊಲದ ದಾರಿ ಬಂದ್ ಮಾಡಿಸಿದ. ಆದರೂ ಮಾತು ಕೇರಿಯಿಂದ ಕೇರಿಗೆ, ಊರಿನಿಂದ ಊರಿಗೆ ದಾಟಿತು. ಆಗ ಒಂದು ವಿಚಿತ್ರ ನಡೆಯಿತು. ಚಾವಡಿ ದಾಟಿ ಎಂದೂ ಹೆಜ್ಜೆ ಇಡದ ಪಾಟೀಲನ ಅಭ್ಯರ್ಥಿ, ಬಿಳಿ ಧೋತರದ ತುದಿ ಎತ್ತಿಕೊಂಡು ಕೇರಿಗೆ ಬಂದ. ಏನು ಬೇಕು ಎಂದು ಕೇಳಿದ. ಬೇರೆಯವರ ಬಾವಿಯ ಹತ್ತಿರ ಕೊಡ ಇಟ್ಟು ಕಾಯುವುದು ಸಾಕಾಗಿದೆ, ನಮ್ಮದೇ ಬಾವಿ ಬೇಕು ಎಂದಳು ಅಂಜನಾಬಾಯಿ. ಎದುರು ನಿಂತ ಅಭ್ಯರ್ಥಿಗಳೂ ಬಂದರು, ಅವರೂ ಬಾವಿಯ ಮಾತು ಆಡಿದರು. ವೋಟಿಲ್ಲದವನ ಬಾಯಾರಿಕೆ ಯಾರಿಗೆ ಕೇಳಿಸಿತ್ತು ಅಲ್ಲಿಯವರೆಗೆ?

ವೋಟಿನ ದಿನ ಡಾಬಕಾದ ಶಾಲೆಯ ಮುಂದೆ ಸಾಲಾಗಿ ನಿಂತ ಗಂಡಸರದ್ದೊಂದು ಪಾಳಿ, ಹೆಂಗಸರದ್ದೊಂದು ಪಾಳಿ. ಪಾಟೀಲ ಬಾಗಿಲ ಪಕ್ಕದಲ್ಲೇ ಖುರ್ಚಿ ಹಾಕಿಕೊಂಡು ಕೂತಿದ್ದ. ಮಾಣಿಕ ಬಾಗಿಲಿಗೆ ಬಂದಾಗ ಅವನು ಬೀದರಿನಿಂದ ಬಂದ ಅಧಿಕಾರಿಗೆ ಕೇಳುವಂತೆ, ಇವನು ಸಜಾಯಾಫ್ತಾ, ಕಳ್ಳ, ಒಳಗೆ ಬಿಡಬೇಡಿ ಎಂದ. ಹೆಂಗಸರ ಪಾಳಿಯಿಂದ ಅಂಜನಾಬಾಯಿ ಕುತ್ತಿಗೆ ಚಾಚಿ ನೋಡಿದಳು. ಪಾಟೀಲನ ಮುಂದೆ ಮಾಣಿಕ ಜೀವಮಾನದಲ್ಲಿ ತಲೆಯೆತ್ತಿ ಮಾತಾಡಿದವನಲ್ಲ.

“ಹೌದ್ರಿ ಸಾಹೇಬ್ರ, ಕದ್ದೇನಿ” ಎಂದ. “ಅದಕ್ಕ ಸಜಾನೂ ಉಂಡೇನಿ. ಎಲಿ ಎತ್ತಿ, ಕೈ ತೊಳಕೊಂಡು ಹೊರಗ ಬಂದೇನಿ. ಇನ್ನೇನು ಬಾಕಿ ಅದ?”

ಅಧಿಕಾರಿ ಪಾಟೀಲನ ಮುಖ ನೋಡಲಿಲ್ಲ. ಮಾಣಿಕನ ಹೆಸರು ಕೇಳಿದ, ಪಟ್ಟಿಯಲ್ಲಿ ನೋಡಿದ, ಬೆರಳಿಗೆ ಮಸಿ ಹಚ್ಚಿಸಿ ಚೀಟಿ ಕೊಟ್ಟ. ಮಾಣಿಕ ಪರದೆಯ ಹಿಂದೆ ಹೋಗಿ, ತನಗೆ ಬೇಕಾದ ಚಿಹ್ನೆಯ ಪೆಟ್ಟಿಗೆಯಲ್ಲಿ ಅದನ್ನು ಹಾಕಿ ಬಂದ.

ಇದನ್ನೆಲ್ಲ ಶಾಲೆಯ ಗೋಡೆಯ ಆಚೆಯಿಂದ ಉಸ್ಮಾನ ಮಿಯಾ ನೋಡುತ್ತಿದ್ದ. ಪಾಳಿಗೆ ಬರುವ ಧೈರ್ಯ ಅವನಿಗಿರಲಿಲ್ಲ. ಪಾಳಿಯಲ್ಲಿದ್ದ ಹಾವಗೆಪ್ಪ ಅವನನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಮುಖ ತಿರುಗಿಸಿಯೇ ಕರೆದ.

“ಬಾ ಮಿಯಾ. ನನ್ನ ಬಣವಿ ನಾ ಮರತಿಲ್ಲ. ಆದ್ರ ಪಾಳಿ ನನ್ನಪ್ಪಂದಲ್ಲ. ನನ್ನ ಹಿಂದ ನಿಂದ್ರು.”

ಉಸ್ಮಾನ ಮಿಯಾ ಬಂದು ನಿಂತ. ಮುಂದಿನವನು ಸರಿದಂತೆ ಒಬ್ಬರ ಹಿಂದೆ ಒಬ್ಬರು ಹೆಜ್ಜೆ ಇಟ್ಟರು.

ಪಾಟೀಲನ ಅಭ್ಯರ್ಥಿ ಏನಾದ ಎಂದು ಕೇಳುತ್ತೀರಿ. ಗೆದ್ದ. ಆದರೆ ಎದುರಾಳಿಗಳ ಠೇವಣಿ ಕಳೆಯುತ್ತೇನೆ ಎಂದು ಮೀಸೆ ತಿರುವಿದವನು ಕೂದಲೆಳೆಯಲ್ಲಿ ಪಾರಾದ. ಸಜಾ ಮುಗಿದವರೂ ಅವರ ಮನೆಯವರೂ ಬಂದು ನಿಂತಿದ್ದಕ್ಕೆ ಆ ಅಂತರ ಅಷ್ಟು ಕರಗಿತು ಎಂದು ಅವನಿಗೂ ತಿಳಿದಿತ್ತು. ಮುಂದಿನ ಸಲ ಇನ್ನೂ ನಾಲ್ಕು ಮನೆ ಬಂದರೆ ತಾನು ಉಳಿಯುವುದಿಲ್ಲ ಎಂಬುದೂ ತಿಳಿದಿತ್ತು. ಮರುವರ್ಷ ಬೇಸಿಗೆಗೆ ಮೊದಲೇ ಕೇರಿಯಲ್ಲಿ ಬಾವಿ ತೋಡಿಸಿದ.

ಅಣ್ಣಂದಿರೇ, ತಾಯಂದಿರೇ, ಪಾಟೀಲರು ಹೋದರೂ ಆ ಸುಳ್ಳು ಸತ್ತಿಲ್ಲ. ಇಂದಿಗೂ ಜೈಲಿನಿಂದ ಬಂದವನಿಗೆ “ನಿನಗೆಲ್ಲಿಯ ವೋಟು” ಎನ್ನುವ ನಾಲಿಗೆಗಳಿವೆ. ನಿಮ್ಮ ಮನೆಯಲ್ಲಿ ಅಂಥ ಮಗನೋ, ಗಂಡನೋ, ಅಕ್ಕನೋ ಇದ್ದರೆ ಮೊದಲು ಅವರನ್ನು ನಿಮ್ಮ ಪಂಗತಿಯಲ್ಲಿ ಕೂರಿಸಿಕೊಂಡು ಊಟಕ್ಕೆ ಬಡಿಸಿ. ಆಮೇಲೆ ಮತದಾರರ ಪಟ್ಟಿಯಲ್ಲಿ ಅವರ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಇಂದೇ ಅರ್ಜಿ ಹಾಕಿಸಿ. ಜಾಮೀನಿನ ಮೇಲೆ ಹೊರಗಿದ್ದವರೂ ವೋಟು ಹಾಕಬಹುದು ಎಂಬುದನ್ನು ನೆನಪಿಡಿ. ಯಾರಾದರೂ ಬಾಗಿಲಲ್ಲಿ ಅಡ್ಡ ಬಂದರೆ ತಲೆ ತಗ್ಗಿಸಬೇಡಿ. ನನ್ನ ಒಂದು ವೋಟಿಗೆ ನೀನು ಇಷ್ಟು ಹೆದರುವುದು ಯಾಕೆ ಎಂದು ಅವನನ್ನೇ ಕೇಳಿ. ಕೇಳಿ, ಪಾಳಿಯಲ್ಲಿ ನಿಲ್ಲಿ.