ಮುಗ್ಗು ಇಟ್ಟಷ್ಟು ದೂರ

ಆಲಿಕಲ್ಲು ಎಲ್ಲರ ಮೇಲೂ ಸಮನಾಗಿ ಬೀಳುತ್ತದೆ. ಆಮೇಲೆ ಇಳಿಜಾರು ನೋಡಿಕೊಂಡು ಬಡವರ ಬಾಗಿಲಿಗೆ ಬರುತ್ತದೆ.

ಉಪ್ಪುಬಾವಿ ಬೀದಿಯಲ್ಲಿ ಆದದ್ದು ಅದೇ. ಬೀದಿಯ ಏರಿನ ಕೊನೆಯಲ್ಲಿ ಮುನಿಕೃಷ್ಣಪ್ಪನ ಮಾವಿನ ಮಂಡಿ. ಅದರ ಉದ್ದನೆಯ ತಗಡಿನ ಚಾವಣಿ ಬೀದಿಯ ಕಡೆಗೇ ಬಾಗಿದೆ. ಮೇ ತಿಂಗಳ ಆ ಸಂಜೆ ಆಲಿಕಲ್ಲು ಸುರಿದು ನಿಂತಾಗ, ಚಾವಣಿಯ ಮೇಲಿದ್ದದ್ದೆಲ್ಲ ಜಾರಿ ಬಂದು ಪಕ್ಕದ ಆದಿಲಕ್ಷ್ಮಿಯ ಮನೆ ಮುಂದೆ ಮೊಣಕಾಲುದ್ದ ರಾಶಿ ಬಿತ್ತು. ಅದರ ಮೇಲೆ, ಕಲ್ಲಿನ ಪೆಟ್ಟು ತಿಂದ ಬಾದಾಮಿ ಮಾವಿನ ಹಣ್ಣನ್ನೆಲ್ಲ ಗೇಟಿನಾಚೆ ಸುರಿಯಲು ಮುನಿಕೃಷ್ಣಪ್ಪ ಹೇಳಿದ. ಐಸಿನ ಮೇಲೆ ಹಣ್ಣು, ಹಣ್ಣಿನ ಮೇಲೆ ಕೆಸರು.

ಆ ಹಣ್ಣನ್ನು ಆರಿಸಿ ಬೇರೆ ಇಟ್ಟವಳೇ ಆದಿಲಕ್ಷ್ಮಿ. ಮಂಡಿಯಲ್ಲಿ ಅವಳದು ವಿಂಗಡಿಸುವ ಕೆಲಸ. ಕೆಲಸ ಮುಗಿಸಿ ಬಂದವಳು, ಇನ್ನೇನು ಹೊಸ್ತಿಲು ಸಿಗಬೇಕು ಅನ್ನುವಾಗ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು.

ಮಾರನೇ ದಿನ ಕೋಲಾರದಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು, ಬಸ್ಸಿಳಿದು ನೇರ ಮಂಡಿಗೇ ಹೋದಳು. ಹಣ್ಣು ಆರಿಸಲು ಒಂದು ಕೈ ಸಾಲದೇ ಎಂಬುದು ಅವಳ ಅಂದಾಜು.

"ಕೈ ಸರಿಯಾದ್ಮೇಲೆ ಬಾರಮ್ಮ," ಅಂದ ಮುನಿಕೃಷ್ಣಪ್ಪ.

"ಅಷ್ಟೊತ್ತಿಗೆ ಮಾವೇ ಇರಲ್ವಲ್ಲಣ್ಣ. ವರ್ಷದ ಕೂಳು ಈ ಸೀಜನ್ನು. ನಿಮ್ ಹಣ್ಣಿನ ಮೇಲೆ ತಾನೆ ನಾನು ಬಿದ್ದಿದ್ದು?"

"ನನ್ ಹಣ್ಣು ಅಂತ ಅದ್ರ ಮೇಲೆ ಹೆಸ್ರು ಬರ್ದಿತ್ತಾ?"

ಮಧ್ಯಾಹ್ನ ಪುರಸಭೆಯ ಆಟೋ ಮೈಕು ಕಟ್ಟಿಕೊಂಡು ಬಂತು. ಆಲಿಕಲ್ಲು, ಕೆಸರು, ಕೊಳೆತ ಹಣ್ಣು ಇತ್ಯಾದಿಗಳನ್ನು ನಿವಾಸಿಗಳು ತಂತಮ್ಮ ಮನೆಯ ಮುಂಭಾಗದಿಂದ ತಾವೇ ತೆರವುಗೊಳಿಸತಕ್ಕದ್ದು, ತಪ್ಪಿದಲ್ಲಿ ದಂಡ. ಆಲಿಕಲ್ಲು ಅಷ್ಟರಲ್ಲಿ ಕರಗಿ, ತನ್ನ ಜವಾಬ್ದಾರಿ ತಾನೇ ಮುಗಿಸಿತ್ತು. ಹಣ್ಣು ಉಳಿದಿತ್ತು. ನೊಣ ಬಂದಿತ್ತು. ನೊಣದ ಹಿಂದೆ ಆರೋಗ್ಯ ಇನ್ಸ್‌ಪೆಕ್ಟರ್ ಲಕ್ಷ್ಮೀನಾರಾಯಣ ಬಂದರು, ಮೂಗಿಗೆ ಕರ್ಚೀಫು.

"ಯಾರ ಮನೆ ಇದು?"

"ನಂದೇ ಸಾರ್," ಅಂದಳು ಆದಿಲಕ್ಷ್ಮಿ.

"ಇಷ್ಟೊಂದು ಗಲೀಜು ಇಟ್ಕೊಂಡಿದೀಯಲ್ಲಮ್ಮ. ಯಾರಾದ್ರೂ ಜಾರಿ ಬಿದ್ರೆ?"

ಆದಿಲಕ್ಷ್ಮಿ ಪ್ಲಾಸ್ಟರ್ ಹಾಕಿದ ಕೈ ತೋರಿಸಿದಳು.

"ನೋಡಿದ್ಯಾ. ಅದಕ್ಕೇ ಹೇಳೋದು."

ಎದುರುಮನೆಯ ಶಾಮಲಮ್ಮ ವಯಸ್ಸಿನಲ್ಲೂ ಬಾಯಲ್ಲೂ ಬೀದಿಗೆ ಹಿರಿಯಳು. "ಸುರಿದಿದ್ದು ಮಂಡಿಯೋರು ಸಾರ್. ಅವ್ರನ್ನ ಕೇಳಿ," ಅಂದಳು.

"ಆದೇಶದಲ್ಲಿ ನಿವಾಸಿ ಅಂತಿದೆ. ಮಂಡೀಲಿ ಯಾರಾದ್ರೂ ವಾಸ ಇದಾರಾ?"

"ಹೆಗ್ಗಣ ಅವೆ."

ಇನ್ಸ್‌ಪೆಕ್ಟರು ನಗಲಿಲ್ಲ. ಕಾನೂನಿಗೆ ಹೆಗ್ಗಣ ಕಾಣುವುದಿಲ್ಲ. ಈ ಪೇಟೆಯಲ್ಲಿ ಲಾಭಕ್ಕೆ ಮಾಲೀಕರಿದ್ದಾರೆ, ಕೊಳೆತದ್ದಕ್ಕೆ ನಿವಾಸಿಗಳಿದ್ದಾರೆ.

"ಮುಂಭಾಗ ಅಂದ್ರೆ ಎಲ್ಲಿವರ್ಗೂ ಸಾರ್?" ಶಾಮಲಮ್ಮ ಬಿಡಲಿಲ್ಲ.

"ವಾಕಿಲಿ ಗೊತ್ತಿಲ್ವೇನಮ್ಮ? ಮುಗ್ಗು ಎಲ್ಲಿವರ್ಗೂ ಇಡ್ತೀರೋ ಅಲ್ಲಿವರ್ಗೂ ನಿಮ್ದು. ನಾಳೆ ಬರ್ತೀನಿ. ಹಿಂಗೇ ಇದ್ರೆ ದಂಡ."

ನಮ್ಮ ಕಡೆ ಮನೆ ಮುಂದಿನ ಜಾಗಕ್ಕೆ ವಾಕಿಲಿ ಅನ್ನುತ್ತಾರೆ, ರಂಗೋಲಿಗೆ ಮುಗ್ಗು. ಎರಡೂ ತೆಲುಗಿನಿಂದ ಬಂದು ಇಲ್ಲೇ ರೇಷನ್ ಕಾರ್ಡು ಮಾಡಿಸಿಕೊಂಡ ಮಾತುಗಳು. ಆದೇಶದ ಕನ್ನಡ ಯಾರಿಗೂ ತಿಳಿದಿರಲಿಲ್ಲ. ಇದು ತಿಳಿಯಿತು.

"ಮುಗ್ಗು ಇಟ್ಟಷ್ಟು ನಮ್ದಂತೆ ಕಣೇ," ಇನ್ಸ್‌ಪೆಕ್ಟರು ಹೋದ ಮೇಲೆ ಆದಿಲಕ್ಷ್ಮಿಗೆ ಅಂದಳು ಶಾಮಲಮ್ಮ.

"ಕೇಳಿಸ್ತಲ್ಲಕ್ಕ."

"ಎಷ್ಟು ಮುಗ್ಗಿನ ಪುಡಿ ಐತೆ ನಿನ್ ತಾವ?"

ಮರುದಿನ ಬೆಳಕು ಹರಿಯುವ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಪೊರಕೆ ಹಿಡಿದಿದ್ದರು. ಹಣ್ಣನ್ನು ಬಾಚಿ, ಅದು ಎಲ್ಲಿಂದ ಬಂದಿತ್ತೋ ಆ ಗೇಟಿನ ಬುಡಕ್ಕೇ ಒಟ್ಟಿದರು. ಬೀದಿಗೆ ನೀರು ಹೊಡೆದು, ಗೋಡೆಯಿಂದ ಗೋಡೆಗೆ, ಇಳಿಜಾರಿನ ಬುಡದಿಂದ ಮಂಡಿಯ ಗೇಟಿನವರೆಗೆ ಮುಗ್ಗು ಇಟ್ಟರು. ಕೊನೆಯ ಎಳೆ ಆದಿಲಕ್ಷ್ಮಿಯದು. ಎಡಗೈ, ಸೊಟ್ಟ ಗೆರೆ. ಆದರೂ ರಾಶಿಗೆ ತಾಗದ ಹಾಗೆ, ಅದರ ಮುಂದೆ ಸರಿಯಾಗಿ ನಿಂತಿತು. ಆಮೇಲೆ ಎಲ್ಲರೂ ಮುಗ್ಗಿನ ಮಧ್ಯೆ ಕುಳಿತರು.

ಲೋಡು ತುಂಬಿದ ಲಾರಿ ಬಂತು. ಮಂಡಿಗೆ ಬೇರೆ ದಾರಿಯಿಲ್ಲ. ಡ್ರೈವರ್ ಕದಿರೇಶ ಬ್ರೇಕು ಹಾಕಿ ತಲೆ ಹೊರಗೆ ಚಾಚಿದ.

"ಹತ್ಸೋ ಮೇಲೆ. ಎದ್ದೋಗ್ತಾರೆ," ಗೇಟಿನಿಂದ ಕೂಗಿದ ಮುನಿಕೃಷ್ಣಪ್ಪ.

"ನೀವ್ ಬಂದು ಹತ್ಸಿ ಅಣ್ಣ. ನಮ್ಮಮ್ಮನೂ ಮುಗ್ಗು ಇಡ್ತಾಳೆ."

ಮಂಡಿಯಿಂದ ಇನ್ಸ್‌ಪೆಕ್ಟರಿಗೆ ಫೋನು ಹೋಯಿತು. ನಿವಾಸಿಗಳು ಕರೆದರೆ ಬರದ ಇನ್ಸ್‌ಪೆಕ್ಟರು ಕಾಫಿಯನ್ನೂ ಬಿಟ್ಟು ಬಂದರು. ಬೂಟು ಎಲ್ಲಿಡುವುದು ತಿಳಿಯದೆ ಅಂಚಿನಲ್ಲೇ ನಿಂತರು.

"ಏನಿದೆಲ್ಲ?"

"ವಾಕಿಲಿ ಸಾರ್. ನೀವ್ ಹೇಳ್ದಂಗೆ," ಅಂದಳು ಶಾಮಲಮ್ಮ. "ಗಲೀಜು ಇದ್ರೆ ತೋರ್ಸಿ."

"ಅಲ್ಲಿ ಗೇಟ್ ಹತ್ರ ರಾಶಿ ಇದೆಯಲ್ಲ?"

"ಅದು ನಮ್ ಮುಗ್ಗಿನ ಆಚೆ ಐತೆ."

ಬಿಸಿಲು ಏರುತ್ತಿತ್ತು. ಲಾರಿಯೊಳಗಿನ ಹಣ್ಣಿನ ವಾಸನೆ ಬೀದಿಗೆ ಇಳಿಯತೊಡಗಿತು. ಮುನಿಕೃಷ್ಣಪ್ಪನ ದನಿಯೂ ಇಳಿಯಿತು. "ದಾರಿ ಬಿಡ್ರಮ್ಮ. ಲೋಡೆಲ್ಲ ಕೊಳೀತದೆ."

ಆದಿಲಕ್ಷ್ಮಿ ಎದ್ದಳು.

"ಬಿಡ್ತೀವಣ್ಣ. ನಮ್ ವಾಕಿಲಿ ಇಲ್ಲಿವರ್ಗೂ. ನಿಮ್ದು ಎಲ್ಲಿಂದ ಶುರು, ಸಾರ್ ಮುಂದೇನೇ ಹೇಳ್ಬಿಡಿ. ಇಲ್ಲಿಂದ ಅಂದ್ರೆ ಆ ರಾಶಿ ನಿಮ್ದು, ನನ್ ಕೈ ಮುರ್ದಿದ್ದೂ ನಿಮ್ದು. ಅಲ್ಲ ಅಂದ್ರೆ ನಾಳೆ ಗೇಟಿನೊಳ್ಗೂ ಮುಗ್ಗು ಇಡ್ತೀವಿ."

ಮುನಿಕೃಷ್ಣಪ್ಪ ಇನ್ಸ್‌ಪೆಕ್ಟರನ್ನು ನೋಡಿದ. ಇನ್ಸ್‌ಪೆಕ್ಟರು ಆಕಾಶ ನೋಡಿದರು. ಆದಿಲಕ್ಷ್ಮಿ ಎಡಗೈಯಲ್ಲಿ ಪೊರಕೆಯನ್ನು ಮುನಿಕೃಷ್ಣಪ್ಪನ ಕಡೆಗೆ ಚಾಚಿ ನಿಂತೇ ಇದ್ದಳು.

ಕದಿರೇಶ ಇಂಜಿನ್ ಆಫ್ ಮಾಡಿ, ಸೀಟಿಗೆ ಒರಗಿ ಕುಳಿತ.