ಅಪ್ಪನ ಅಂಗೈಯ ಅರ

ಕೆಂಪರಾಜ್ ತನ್ನ ಅಣ್ಣನ ಬಲಗೈ ಬೆರಳುಗಳನ್ನು ಮಡಚಿ, ಅವುಗಳೊಳಗೆ ಕಬ್ಬಿಣ ಉಜ್ಜುವ ಅರವನ್ನು ಸಿಕ್ಕಿಸಲು ಹೆಣಗುತ್ತಿದ್ದ. ಬೆರಳುಗಳು ಬಗ್ಗಲೊಲ್ಲವು. ಬದುಕಿದ್ದಾಗ ಯಾರ ಮಾತಿಗೂ ಬಗ್ಗದ ಬೈಲಪ್ಪ ಸತ್ತ ಮೇಲೆ ತಮ್ಮನಿಗೆ ಬಗ್ಗುತ್ತಾನೆಯೇ? ಕೊನೆಗೆ ಯಾರೋ ಪಕ್ಕದ ಮಗ್ಗದ ಮನೆಯಿಂದ ದಾರ ತಂದುಕೊಟ್ಟರು. ಕೆಂಪರಾಜ್ ಅರವನ್ನು ಅಂಗೈಗೆ ಕಟ್ಟಿ ಗಂಟು ಹಾಕಿ, ದೊಡ್ಡ ಕೆಲಸ ಮುಗಿಸಿದವನಂತೆ ಹಣೆ ಒರೆಸಿಕೊಂಡ.

ಬೈಲಪ್ಪನ ತಲೆಯ ಬಳಿ ಕೂತಿದ್ದ ಮಗಳು ವಾಣಿಶ್ರೀಗೆ ಆ ಗಂಟಿನ ಅರ್ಥ ಗೊತ್ತಿತ್ತು. ಅವರ ಮನೆತನದಲ್ಲೊಂದು ಪದ್ಧತಿ. ಕಸುಬು ಮುಂದುವರಿಸುವವರಿದ್ದರೆ ಹತಾರ ಮನೆಯಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಸತ್ತವನ ಜೊತೆಗೇ ಮಣ್ಣಿಗೆ ಹೋಗುತ್ತದೆ. ಕಾಡುಹಂದಿಯಿಂದ ಬೆಳೆ ಕಾಯುವ ರೈತರ ನಾಡಬಂದೂಕುಗಳನ್ನು ರಿಪೇರಿ ಮಾಡುತ್ತಿದ್ದ ತಾತ ಪಿಳ್ಳಪ್ಪ ತೀರಿಕೊಂಡಾಗ ಇದೇ ಅರ ಬೈಲಪ್ಪನ ಕೈಗೆ ಬಂದಿತ್ತು. ಇವತ್ತು ಇದು ಗುಂಡಿಗೆ ಇಳಿದರೆ ದೊಡ್ಡಬಳ್ಳಾಪುರದ ಬಂದೂಕಿನಂಗಡಿಯೂ ಇಳಿದ ಹಾಗೆಯೇ.

“ಚಿಕ್ಕಪ್ಪ, ನಾನಿದೀನಲ್ಲ,” ಅಂದಳು.

“ಇದೀಯ ಕಣಮ್ಮ. ಲೈಸೆನ್ಸಿಗೆ ನಿನ್ ಹೆಸ್ರೂ ಸೇರಿಸ್ದ. ಅಣ್ಣ ಇದ್ದ, ನಡೀತು. ನಾಳೆ ನಿನ್ ಕೈಗೆ ಪಿಸ್ತೂಲ್ ಕೊಡೋನು ಯಾವನು? ಒಂದನ್ನಾದ್ರೂ ನೀನು ಒಬ್ಳೇ ಸರಿ ಮಾಡಿದೀಯಾ, ಹೇಳು?”

ವಾಣಿಶ್ರೀ ಮಾಡಿದ್ದರಲ್ಲವೇ ಹೇಳುವುದು? ಬಿಚ್ಚುವುದು, ತೊಳೆಯುವುದು, ಜೋಡಿಸುವುದು ಎಲ್ಲ ಅವಳದೇ. ಆದರೆ ಅರ ಹಿಡಿಯುವ ಹೊತ್ತಿಗೆ ಅಪ್ಪ “ಸರಿ, ಏಳು” ಅಂದು ತಾನೇ ಕೂರುತ್ತಿದ್ದ. ನಿನ್ನೆ ಸಂಜೆ ಅದೇ ಜಾಗದಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಆಗಲೇ ಅಂಗಡಿಯ ಗಿರಾಕಿ ಪ್ರಿಯಾಂಕ ಹಾರ ಹಿಡಿದು ಬಂದಳು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯ ಯೂನಿಫಾರಂ ಇನ್ನೂ ಮೈಮೇಲಿತ್ತು. ಹಾರ ಹಾಕಿ, ಕಾಲಿಗೆ ಬಿದ್ದು, ಎದ್ದಳು. ಅಳುತ್ತಿದ್ದರೂ ಒಂದು ಕೈ ಹೆಗಲಿನ ಬ್ಯಾಗನ್ನು ಒತ್ತಿ ಹಿಡಿದೇ ಇತ್ತು.

*

ಈ ಹುಡುಗಿ ಹೋದ ವಾರ ಅಂಗಡಿಗೆ ಬಂದಾಗಲೂ ಅಳುವ ಹಾಗೇ ಇದ್ದಳು. ಸ್ಪರ್ಧೆಯಲ್ಲಿ ಗುರಿ ಹೊಡೆಯುವವಳು. ಸಂಬಳ ಕೂಡಿಟ್ಟು ಕೊಂಡ ಸೆಕೆಂಡ್ ಹ್ಯಾಂಡ್ ಪಿಸ್ತೂಲು ಸ್ಪರ್ಧೆಯ ದಿನವೇ ಕೈಕೊಡುತ್ತಿತ್ತು.

“ಗುರಿ ತಪ್ಪಿದ್ರೆ ನಂದು ತಪ್ಪು, ಅಂಕಲ್. ಇದು ಮಧ್ಯದಲ್ಲಿ ಗುಂಡು ಕಚ್ಕೊಂಡು ಕೂತ್ರೆ ನಾನೇನ್ ಮಾಡ್ಲಿ?”

ಬೈಲಪ್ಪ ಗುಂಡು ನಳಿಗೆಗೆ ಏರುವ ದಾರಿಯನ್ನು ನಯ ಮಾಡಿದ, ಸೋತ ಸ್ಪ್ರಿಂಗು ಬದಲಾಯಿಸಿದ. ಪ್ರಿಯಾಂಕ ಕೈ ಚಾಚಿದರೆ ಕೊಡಲಿಲ್ಲ.

“ಗುಂಡು ತುಂಬೋ ಮ್ಯಾಗಜಿನ್ ಇದೊಂದೇನಾ?”

“ಇನ್ನೊಂದು ಮನೇಲಿದೆ. ಅದು ಹೊಸದು, ಅದ್ರದ್ದೇನೂ ತೊಂದ್ರೆ ಇಲ್ಲ.”

“ಹೊಸದು ಅಂತ ಅದಕ್ಕೆ ಗೊತ್ತೇನಮ್ಮ? ತಗೊಂಡ್ ಬಾ. ಅಲ್ಲೀವರ್ಗೂ ಪಿಸ್ತೂಲ್ ಇಲ್ಲೇ ಇರ್ಲಿ.”

ಹುಡುಗಿ ಮುಖ ಊದಿಸಿಕೊಂಡು ಹೋದಳು. ಗಿರಾಕಿಗಳಿಗೆಲ್ಲ ಬೈಲಪ್ಪನ ಮೇಲೆ ಇದೇ ಸಿಟ್ಟು. ರಿಪೇರಿಯಾದ ಮೇಲೂ ಅವರ ಜೊತೆ ಶೂಟಿಂಗ್ ರೇಂಜಿಗೆ ತಾನೇ ಹೋಗುತ್ತಿದ್ದ. ಅಲ್ಲಿ ಗುರಿಯತ್ತ ನೋಡುತ್ತಲೂ ಇರಲಿಲ್ಲ. ಬೆನ್ನು ತಿರುಗಿಸಿ ನಿಂತು, ಗುಂಡು ಹಾರಿದ ಮೇಲೆ ಸಿಮೆಂಟಿನ ನೆಲಕ್ಕೆ ಬೀಳುವ ಖಾಲಿ ತೋಟೆಗಳ ಸದ್ದು ಕೇಳುತ್ತಿದ್ದ. ಎಲ್ಲವೂ ಒಂದೇ ಸಮನೆ ಬಿದ್ದರೆ ಕೊನೆಯದನ್ನು ಎತ್ತಿ ಜೇಬಿಗೆ ಹಾಕಿಕೊಂಡು, ಮನೆಗೆ ಬಂದು ಹೆಂಡತಿಯ ಕೈಗೆ ಕೊಡುತ್ತಿದ್ದ.

“ಇದ್ಯಾಕ್ರೀ ನಂಗೆ, ಓಲೆ ಮಾಡಿಸ್ಕೊಳ್ಳಕ್ಕಾ?” ಎಂದು ಮುನಿಲಕ್ಷ್ಮಮ್ಮ ಪ್ರತಿಸಲವೂ ಗೊಣಗುತ್ತಿದ್ದಳು. ಕೆಲಸ ಸರಿಹೋಯಿತೆಂದು ಆ ಮನೆಯಲ್ಲಿ ಗೊತ್ತಾಗುತ್ತಿದ್ದುದೇ ಹಾಗೆ.

*

“ಅಕ್ಕ, ಅಂಕಲ್ ಇದನ್ನ ತಗೊಂಡ್ ಬಾ ಅಂದಿದ್ರು,” ಎಂದು ಪ್ರಿಯಾಂಕ ಬ್ಯಾಗಿನಿಂದ ಎರಡನೇ ಮ್ಯಾಗಜಿನ್ ತೆಗೆದಳು. “ನಾಳೆ ರಾಜ್ಯದ ಸೆಲೆಕ್ಷನ್. ಇವತ್ತು ಕೇಳ್ಬಾರ್ದು, ಗೊತ್ತು. ಪಿಸ್ತೂಲ್ ಹೆಂಗಿದ್ಯೋ ಹಂಗೇ ಕೊಟ್ಬಿಡಿ ಅಕ್ಕ.”

“ಕೊಟ್ಬಿಡಮ್ಮ, ಒಂದು ಪೀಡೆ ಕಳೀತದೆ,” ಅಂದ ಕೆಂಪರಾಜ್.

ವಾಣಿಶ್ರೀ ಮ್ಯಾಗಜಿನ್ನಿನ ಬಾಯಿಯ ಅಂಚಿಗೆ ಹೆಬ್ಬೆರಳಿನ ಉಗುರು ಹಾಯಿಸಿದಳು. ಕಣ್ಣಿಗೆ ಏನೂ ಕಾಣಲಿಲ್ಲ, ಆದರೆ ಉಗುರು ಒಂದು ಕಡೆ ತಡೆಯಿತು. ಮತ್ತೆ ಹಾಯಿಸಿದಳು. ಅಲ್ಲೇ ತಡೆಯಿತು.

“ನಾಳೆನೂ ಇದು ಕೈಕೊಡುತ್ತೆ,” ಅಂದಳು. “ಹಂಗೇ ಕೊಡಲ್ಲ.”

ಆ ಸಣ್ಣ ಅಂಚಿನೊಳಕ್ಕೆ ಹೋಗುವಷ್ಟು ತೆಳ್ಳಗಿನ ಅರ ಅಂಗಡಿಯಲ್ಲಿ ಇದ್ದದ್ದು ಒಂದೇ. ಅದು ಅಪ್ಪನ ಅಂಗೈಯಲ್ಲಿತ್ತು.

ಅವಳು ಹೆಣದ ಪಕ್ಕ ಮಂಡಿಯೂರಿ ಗಂಟಿಗೆ ಕೈ ಹಾಕಿದಳು. ಕೆಂಪರಾಜ್ ಬಿಗಿಯಾಗಿಯೇ ಕಟ್ಟಿದ್ದ.

“ಏಯ್, ಹೆಣದ ಕೈಯಿಂದ ಕಿತ್ಕೋತೀಯಾ? ಬುದ್ಧಿ ನೆಟ್ಟಗಿದ್ಯಾ?”

ಅಂಗಳವೆಲ್ಲ ಗುಜುಗುಜು ಎಂದಿತು. ವಾಣಿಶ್ರೀ ತಲೆಯೆತ್ತಲಿಲ್ಲ. ಬಗ್ಗಿ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹರಿದಳು. ಅಪ್ಪನ ತಣ್ಣಗಿನ ಅಂಗೈ ಕೆನ್ನೆಗೆ ತಗುಲಿತು.

ಮುನಿಲಕ್ಷ್ಮಮ್ಮ ಆಗ ಮಾತಾಡಿದಳು. “ಬಿಡು ಕೆಂಪರಾಜ. ಅದು ಕೈಲಿದ್ರೆ ಅವ್ರು ಅಲ್ಲೂ ಮಲಗಲ್ಲ. ಕೆಲ್ಸ ಇರೋಳು ತಗೊಳ್ಳಿ.” ಗಂಡನ ಬರಿದಾದ ಅಂಗೈಗೆ ಎರಡು ಎಲೆ, ಒಂದು ಚೂರು ಅಡಿಕೆ ಇಟ್ಟಳು.

ಮಧ್ಯಾಹ್ನ ಬೈಲಪ್ಪನನ್ನು ಹೊಲದ ಬದುವಿನ ಪಕ್ಕ ಮಣ್ಣು ಮಾಡಿದರು. ಮಗಳೂ ಮಣ್ಣು ಹಾಕಿದಳು. ಅರ ಸೊಂಟದಲ್ಲೇ ಇತ್ತು, ಬಗ್ಗಿದಾಗ ಚುಚ್ಚಿತು.

ತಲೆಗೆ ಸ್ನಾನ ಮಾಡಿದವಳೇ ಅಂಗಡಿಯ ಬಾಗಿಲು ತೆರೆದು ಅಪ್ಪನ ಜಾಗದಲ್ಲಿ ಕೂತಳು. ಮ್ಯಾಗಜಿನ್ನಿನ ಅಂಚಿಗೆ ಅರ ಹಿಡಿದಳು. ಹೆಚ್ಚು ಉಜ್ಜಿದರೆ ಹೋದದ್ದನ್ನು ಮತ್ತೆ ಅಂಟಿಸುವ ಹಾಗಿಲ್ಲ. “ಸರಿ, ಏಳು” ಅನ್ನುವವರು ಯಾರೂ ಇರಲಿಲ್ಲ. ಒಮ್ಮೆ ಉಜ್ಜಿ, ಉಗುರು ಹಾಯಿಸಿ ನೋಡಿದಳು. ಇನ್ನೊಮ್ಮೆ ಉಜ್ಜಿದಳು. ಈಗ ಉಗುರು ತಡೆಯಲಿಲ್ಲ. ಅಲ್ಲಿಗೆ ಅರ ಕೆಳಗಿಟ್ಟಳು.

ಅಂದೇ ಇಳಿಹೊತ್ತಿಗೆ ರೇಂಜಿನಲ್ಲಿ ಪ್ರಿಯಾಂಕ ಪಿಸ್ತೂಲೆತ್ತಿದಾಗ ವಾಣಿಶ್ರೀ ಗುರಿಗೆ ಬೆನ್ನು ತಿರುಗಿಸಿ ನಿಂತಳು. ಗುಂಡು ಹಾರಿತು. ತೋಟೆ ಟಣ್ಣೆಂದು ಬಿತ್ತು. ಮತ್ತೊಂದು, ಅದರ ಹಿಂದೆ ಇನ್ನೊಂದು. ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ಅಳುವಿನಲ್ಲಿ ಎಲ್ಲಿ ಸದ್ದು ಕೇಳಿಸದೆ ಹೋದೀತೋ ಎಂದು ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಎರಡೂ ಮ್ಯಾಗಜಿನ್ ಖಾಲಿಯಾದವು, ತುಂಬಿದರು, ಮತ್ತೆ ಖಾಲಿಯಾದವು.

“ಒಂದೂ ಕಚ್ಚಲಿಲ್ಲ ಅಕ್ಕ,” ಅಂದಳು ಪ್ರಿಯಾಂಕ.

“ಕೇಳಿಸ್ತು,” ಅಂದಳು ವಾಣಿಶ್ರೀ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಹೆಣ ಮಲಗಿಸಿದ್ದ ಜಾಗದಲ್ಲಿ ಮುನಿಲಕ್ಷ್ಮಮ್ಮ ಹಣತೆಗೆ ಎಣ್ಣೆ ಹಾಕುತ್ತಿದ್ದಳು. ಕೆಂಪರಾಜ್ ಗೋಡೆಗೊರಗಿ ಕೂತಿದ್ದ. ವಾಣಿಶ್ರೀ ಸೆರಗಿನ ಗಂಟು ಬಿಚ್ಚಿ, ಹಿತ್ತಾಳೆಯ ಪುಟ್ಟ ತೋಟೆಯನ್ನು ಅಮ್ಮನ ಮುಂದೆ ಹಿಡಿದಳು.

ಮುನಿಲಕ್ಷ್ಮಮ್ಮ ಈ ಸಲ ಗೊಣಗಲಿಲ್ಲ. ಹಣತೆಯನ್ನು ಒಂದಿಷ್ಟು ಆಚೆ ಸರಿಸಿ, ತೋಟೆಯನ್ನು ದೀಪದ ಪಕ್ಕ ನೆಟ್ಟಗೆ ನಿಲ್ಲಿಸಿದಳು.