ಓವಾ

ಹೆಣೆದ ಚಾಟಿ ಮೊಣಕಾಲಿನ ಕೆಳಗೆ ಬೀಳಬೇಕಿತ್ತು. ಬೆರಳುಗಳ ಮೇಲೆ ಬಿತ್ತು. ಒಟೀಲಿಯೆ ಕಿರುಚಿದಳು. ಬೀದಿಯಲ್ಲಿ ಹೋಗುತ್ತಿದ್ದ ಗಂಡಸರು ಗೊಳ್ಳೆಂದು ನಕ್ಕರು.

“ಹಾಕಿ ಮೇಷ್ಟ್ರೇ, ಇನ್ನೂ ನಾಲ್ಕು ಹಾಕಿ! ಈ ವರ್ಷ ಅಮ್ಮಾವ್ರು ಒಣಗ್ಬಾರ್ದು!”

ಅಂದು ಈಸ್ಟರ್ ಸೋಮವಾರ. ಹಸಿ ವಿಲ್ಲೋ ಮರದ ಕಡ್ಡಿಗಳನ್ನು ಜಡೆಯಂತೆ ಹೆಣೆದು ಹೆಂಗಸರ ಕಾಲಿಗೆ ಮೆಲ್ಲಗೆ ಹೊಡೆಯುವುದು, ಅವರು ಬಣ್ಣದ ಮೊಟ್ಟೆ ಕೊಟ್ಟು ಕಳಿಸುವುದು ನಮ್ಮ ಮೊರಾವಿಯಾದ ಪದ್ಧತಿ; ಹೊಡೆಸಿಕೊಂಡವಳು ವರ್ಷವಿಡೀ ಒಣಗದೆ ಚಿಗುರಿನಂತಿರುತ್ತಾಳೆಂದು ನಂಬಿಕೆ. ಆ ದಿನ ಮಧ್ಯಾಹ್ನದವರೆಗೆ ಯಾವ ಮನೆಯಲ್ಲಿ ಹೆಂಗಸು ಕಿರುಚಿದರೂ ಯಾರೂ ಬಾಗಿಲು ತಟ್ಟುವುದಿಲ್ಲ. ಶಾಲೆಯ ಮೇಷ್ಟ್ರು ಕಾಮಿಲ್ ಬೆರಾನ್ ಹೇಡಿ, ಆದರೆ ದಡ್ಡನಲ್ಲ. ಅದಕ್ಕೇ ರಾತ್ರಿಯಿಡೀ ಹಲ್ಲು ಕಚ್ಚಿಕೊಂಡು ಈ ಹೊತ್ತಿಗಾಗಿ ಕಾದಿದ್ದ.

ಸಿಟ್ಟಿಗೆ ಕಾರಣ ಹಿಂದಿನ ದಿನ ಚರ್ಚಿನಲ್ಲಿ ಆದದ್ದು. ಊರಿನ ಮೇಳ ವರ್ಷಗಳಿಂದ ಹಾಡುತ್ತಿದ್ದ ಸಂಗೀತವನ್ನೆಲ್ಲ ರಚಿಸಿದವಳು ಅವನ ಹೆಂಡತಿ ಒಟೀಲಿಯೆ. ಹಾಳೆಯ ಮೇಲೆ ಮಾತ್ರ ‘ಬೆರಾನ್’ ಎಂದಷ್ಟೇ ಇರುತ್ತಿತ್ತು. ಬೆರಾನ್ ಎಂದರೆ ಗಂಡ, ಹೆಂಡತಿಯಾದರೆ ಕೊನೆಗೆ ‘ಓವಾ’ ಸೇರಿ ಬೆರಾನೋವಾ. ಪೂಜೆ ಮುಗಿಸಿ ಪಾದ್ರಿ, “ಈ ಸಂಗೀತ ನಮ್ಮ ಬೆರಾನ್ ಅವರದು” ಎಂದಾಗ, ಹಿರಿಯ ಗಾಯಕಿ ರೊಜೀನಾ ಹಾಡುವವರು ನಿಲ್ಲುವ ಮೇಲಿನ ಅಟ್ಟದಿಂದಲೇ, “ಅಲ್ಲ ಫಾದರ್, ಬೆರಾನೋವಾ!” ಎಂದು ತಿದ್ದಿಬಿಟ್ಟಳು. ಇಡೀ ಚರ್ಚು ಕಾಮಿಲ್‌ನತ್ತ ತಿರುಗಿ ನಕ್ಕಿತ್ತು.

“ಮುಂದಿನ ಭಾನುವಾರ ಎಲ್ರೆದುರು ನೀನೇ ಹೇಳ್ಬೇಕು.” ಕಾಮಿಲ್ ಈಗ ಅವಳ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದ. “ಎಲ್ಲಾ ನಮ್ಮ ಯಜಮಾನ್ರದು, ನಾನು ಬರೀ ನಕಲು ಮಾಡ್ದೆ ಅಂತ.”

“ಹೇಳಲ್ಲ.”

ಚಾಟಿ ಬಿತ್ತು. ನಡುಬೆರಳಿನ ಚರ್ಮ ಸೀಳಿತು.

“ಕೊಂದ್ರೂ ಹೇಳಲ್ಲ ಕಾಮಿಲ್.”

ಅವನು ಚಾಟಿಯನ್ನು ತಿರುಗಿಸಿ ದಪ್ಪ ಹಿಡಿಯಿಂದ ಬಾರಿಸಿದ. ಕಿರುಬೆರಳಿನ ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿತು. ಆಮೇಲೆ ಏದುಸಿರು ಬಿಡುತ್ತ ಚಾಟಿ ಬದಿಗಿಟ್ಟು ಬಲ ಅಂಗೈ ಚಾಚಿದ.

“ಎಲ್ಲಿ, ನನ್ನ ಮೊಟ್ಟೆ?”

ಅಷ್ಟರಲ್ಲಿ ಮಧ್ಯಾಹ್ನದ ಗಂಟೆ ಹೊಡೆಯಿತು. ಬೀದಿಯಲ್ಲಿ ಹೆಂಗಸರು ಕೇಕೆ ಹಾಕಿದರು. ಗಂಟೆಯಾದ ಮೇಲೆ ಸರದಿ ಅವರದು. ಕೈಗೆ ಸಿಕ್ಕ ಗಂಡಸಿನ ಮೇಲೆ ನೀರು ಸುರಿಯಬಹುದು. “ಎಲ್ಲಿ ಅಡಗಿದೀರಿ ಮೇಷ್ಟ್ರೇ?” ಎಂದು ಬಕೆಟ್ ಹಿಡಿದು ನಗುತ್ತ ಒಳಬಂದ ರೊಜೀನಾ, ಮೇಜಿನ ಮೇಲಿದ್ದ ಕೈ ನೋಡಿ ಅಲ್ಲೇ ನಿಂತಳು.

ಒಲೆಯ ಮೇಲೆ ಹಂದಿಮಾಂಸದ ಪಾತ್ರೆ ಕೊತಕೊತ ಕುದಿಯುತ್ತಿತ್ತು. ಒಟೀಲಿಯೆ ಎಡಗೈಯಿಂದ ಅದನ್ನು ಎತ್ತಿ, ಮೊಟ್ಟೆಗಾಗಿ ಇನ್ನೂ ಚಾಚಿಕೊಂಡೇ ಇದ್ದ ಆ ಅಂಗೈಯ ಮೇಲೆ ಸುರಿದಳು.

ಕಾಮಿಲ್‌ನ ಅರಚಾಟಕ್ಕೆ ಬೀದಿ ಮತ್ತೆ ನಕ್ಕಿತು. “ಮೇಷ್ಟ್ರಿಗೆ ಸ್ನಾನ ಆಯ್ತು ಕಣ್ರೋ!”

ಅವನು ಯಾರಿಗೂ ದೂರು ಕೊಡಲಿಲ್ಲ. ಕೊಟ್ಟಿದ್ದರೆ ಅವಳ ಕೈಯನ್ನೂ ತೋರಿಸಬೇಕಾಗುತ್ತಿತ್ತು. ಮುಂದಿನ ಭಾನುವಾರ ಬಲಗೈಗೆ ಬಟ್ಟೆ ಸುತ್ತಿಕೊಂಡು ಮುಂದಿನ ಬೆಂಚಿನಲ್ಲಿ ಕೂತ. ಅವಳೂ ಬಲಗೈಗೆ ಬಟ್ಟೆ ಸುತ್ತಿಕೊಂಡೇ ಅಟ್ಟ ಹತ್ತಿ ಆರ್ಗನ್ ಮುಂದೆ ಕೂತಳು. ಅಚ್ಚಾದ ಹಾಡಿನ ಪುಸ್ತಕದಲ್ಲಿ ಇವತ್ತಿಗೂ ಬರೀ ಬೆರಾನ್ ಎಂದೇ ಇದೆ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಪಾದ್ರಿ ಕೆಮ್ಮಿದರು. “ಇಂದಿನ ಸಂಗೀತ, ಬೆರಾನ್...” ಎಂದು ತಡೆದರು. ಕಾಮಿಲ್ ಕತ್ತೆತ್ತಿ ಅಟ್ಟದತ್ತ ನೋಡಿದ.

“ಓವಾ,” ಎಂದಳು ಒಟೀಲಿಯೆ.

ಎಡಗೈ ಕೆಳಗಿನ ಸ್ವರಗಳನ್ನು ಹಿಡಿಯಿತು. ಬಲಗೈ ನುಡಿಸಬೇಕಿದ್ದುದನ್ನು ಹೆಂಗಸರು ಹಾಡಿದರು.